ಮಲೆನಾಡಿನ ಮಳೆಗೆ ಮೂರಲಗಿನ ಜೇಬು ಚಾಕು: ಯಾವುದು ತಗೊಳ್ಳೋದು, ಹೇಗೆ ಇಡೋದು?

ಕುಶಾವತಿ | ತೀರ್ಥಹಳ್ಳಿ

ಎರಡು ಪ್ರಶ್ನೆ ಇದೆ, ಒಟ್ಟಿಗೇ ಕೇಳಿಬಿಡ್ತೀನಿ.

ಒಂದು: ತೋಟಕ್ಕೆ ದಿನಾ ಜೇಬಲ್ಲಿ ಇಟ್ಕೊಂಡು ಹೋಗೋಕೆ ಎರಡು-ಮೂರು ಅಲಗಿನ ಮಡಚೋ ಚಾಕು ಬೇಕು. ಕತ್ತಿ ಕೆಲಸಕ್ಕೆ ಕತ್ತಿ ಇದೆ. ಇದು ಸುತಲಿ ಕತ್ತರಿಸೋಕೆ, ಗೊಬ್ಬರದ ಚೀಲ ಬಿಚ್ಚೋಕೆ, ಅಡಿಕೆ ಸೀಳಿ ನೋಡೋಕೆ, ಆಗಾಗ ಕಸಿ ಕಟ್ಟೋಕೆ. ಲಾಕ್ ಇರೋ ಹೊಸ ನಮೂನೆಯ ಒಂಟಿ ಅಲಗು ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಒಣಗಿದ ಜೇಬು ಅನ್ನೋದೇ ಇರಲ್ಲ, ಅದನ್ನ ಲೆಕ್ಕಕ್ಕೆ ತಗೊಂಡು ಹೇಳಿ.

ಎರಡು: ನನ್ನ ಹತ್ತಿರ ನಾಲ್ಕಲಗಿನ ಹಳೇ ಶೆಫೀಲ್ಡ್ (ಇಂಗ್ಲೆಂಡಿನ ಊರು) ಚಾಕು ಇದೆ. ದೊಡ್ಡಲಗಿನ ಬುಡದಲ್ಲಿ ನಕ್ಷತ್ರ, ಪಕ್ಕದಲ್ಲೊಂದು ಶಿಲುಬೆ, ಕೆಳಗೆ ಇಂಗ್ಲೆಂಡ್ ಅಂತ ಮುದ್ರೆ. ಹಿಡಿ ಆಮೆಚಿಪ್ಪಿನ ಬಣ್ಣ. ಎರಡು ಸಣ್ಣಲಗು ಅಲ್ಲಾಡೋದೇ ಇಲ್ಲ. ಬಿಡಿಸೋದು ಹೇಗೆ? ಉಳಿದ ಚಾಕುಗಳ ಜತೆ ಇಡಬಹುದಾ?

ಸಾಣೆಕಲ್ಲು | ಸಾಗರ

ಮೊದಲನೇದಕ್ಕೆ ಉತ್ತರ ಕೊಡ್ತೀನಿ, ಎರಡನೇದಕ್ಕೆ ಬೇರೆಯವರು ಬರ್ತಾರೆ.

ಕೊಳ್ಳುವಾಗ ಎಲ್ಲರೂ ಅಲಗು ನೋಡ್ತಾರೆ, ಉಕ್ಕಿನ ಹೆಸರು ಕೇಳ್ತಾರೆ. ನಮ್ಮ ಕಡೆ ಚಾಕು ಸಾಯೋದು ಕೀಲಿನಿಂದ. ಅಲಗಿಗೆ ಬಂದ ತುಕ್ಕು ಕಣ್ಣಿಗೆ ಬೀಳುತ್ತೆ, ಒರೆಸ್ತೀರಿ. ಬೆನ್ನಿನ ಸ್ಪ್ರಿಂಗಿಗೂ ಪಕ್ಕದ ಹಿತ್ತಾಳೆ ಲೈನರಿಗೂ (ಹಿಡಿಯ ಒಳಮೈಗಿರೋ ತಗಡು) ನಡುವೆ ಸೇರಿದ ನೀರು ಕಾಣಲ್ಲ, ಬೇಗ ಆರೋದೂ ಇಲ್ಲ. ಉಕ್ಕು ಹಿತ್ತಾಳೆ ತಾಗಿಕೊಂಡಿರೋ ಜಾಗದಲ್ಲಿ ನೀರು ನಿಂತರೆ ಉಕ್ಕೇ ಮೊದಲು ತಿಂದುಹೋಗೋದು. ತುಕ್ಕು ಉಬ್ಬಿ ಅಲಗಿನ ಬುಡವನ್ನ ಎರಡೂ ಕಡೆಯಿಂದ ಅಮುಕುತ್ತೆ. "ಸ್ಪ್ರಿಂಗ್ ಬಿಗಿಯಾಯ್ತು" ಅಂತಾರಲ್ಲ, ಸ್ಪ್ರಿಂಗ್ ಏನೂ ಆಗಿರಲ್ಲ, ಒಳಗೆ ತುಕ್ಕು ತುಂಬಿರುತ್ತೆ ಅಷ್ಟೆ.

ಅಲಗು ಹೆಚ್ಚಾದಷ್ಟೂ ಸಂದಿ ಹೆಚ್ಚು. ಹಾಗಾಗಿ ತೋಟಕ್ಕೆ ನಾಲ್ಕಲಗಿನ ಕಾಂಗ್ರೆಸ್ ಮಾದರಿ ಬೇಡ. ಮೂರಲಗಿನ ಸ್ಟಾಕ್‌ಮನ್ ಸಾಕು, ಮಡಚಿದಾಗ 9 ಸೆಂ.ಮೀ. ಆಸುಪಾಸಿನದು. ಅದರಲ್ಲೂ ಎರಡು ಸ್ಪ್ರಿಂಗಿನದು, ಮೂರು ಸ್ಪ್ರಿಂಗಿನದು ಅಂತ ಎರಡು ಬಗೆ. ಎರಡು ಸ್ಪ್ರಿಂಗಿನದು ತೆಳು, ಜೇಬಿಗೆ ಹಗುರ. ಆದರೆ ಒಂದು ಸ್ಪ್ರಿಂಗಿನ ಎರಡೂ ತುದಿಗೆ ಒಂದೊಂದು ಅಲಗು ಇರುತ್ತೆ, ಅವೆರಡೂ ಒಂದೇ ಕಾಲುವೆಯೊಳಗೆ ಒಂದರ ಪಕ್ಕ ಒಂದು ಮಲಗಬೇಕು. ಅದಕ್ಕೇ ಕಾರ್ಖಾನೆಯಲ್ಲಿ ಅಲಗಿನ ಬುಡದ ಹತ್ತಿರ ಕೂದಲೆಳೆಯಷ್ಟು ಬಗ್ಗಿಸಿರ್ತಾರೆ. ಬಗ್ಗಿದ್ದು ಸರಿ ಇಲ್ಲದಿದ್ದರೆ ಒಂದಲಗು ಇನ್ನೊಂದರ ಮೈ ಉಜ್ಜಿ ಗೀರು ಬೀಳುತ್ತೆ. ಮೂರು ಸ್ಪ್ರಿಂಗಿನದ್ದರಲ್ಲಿ ಆ ತಕರಾರಿಲ್ಲ, ಆದರೆ ದಪ್ಪ.

ಮೂರು ಅಲಗಿಗೂ ಬೇರೆ ಬೇರೆ ಕೆಲಸ ಇದೆ, ಗೊತ್ತಿಲ್ಲದವರು ಮೂರನ್ನೂ ಒಂದೇ ಥರ ಬಳಸಿ ಮೂರನ್ನೂ ಕೆಡಿಸ್ತಾರೆ. ಉದ್ದದ ಕ್ಲಿಪ್ ಅಲಗು: ತುದಿ ಚೂಪು, ಸೀಳೋದಕ್ಕೆ, ಹಣ್ಣಿಗೆ, ಸಾಮಾನ್ಯ ಕೆಲಸಕ್ಕೆ. ಶೀಪ್ಸ್‌ಫೂಟ್: ಬಾಯಿ ಪೂರ್ತಿ ನೇರ, ಬೆನ್ನು ಬಾಗಿ ಬಂದು ತುದಿಯಲ್ಲಿ ಸೇರುತ್ತೆ. ಸುತಲಿ, ಪ್ಲಾಸ್ಟಿಕ್ ಹಗ್ಗ, ಡ್ರಿಪ್ ಪೈಪು ಎಲ್ಲ ಇದರಲ್ಲೇ. ಬಾಯಿ ನೇರ ಇರೋದರಿಂದ ಹಗ್ಗ ಜಾರಲ್ಲ, ತುದಿ ಕೆಳಗೆ ಇರೋದರಿಂದ ಬಳ್ಳಿಗೆ ಚುಚ್ಚಲ್ಲ. ಮೂರನೇದು ಸ್ಪೇ. ಅಮೆರಿಕದ ದನ ಸಾಕೋರು ಬೀಜ ತೆಗೆಯೋಕೆ ಬಳಸ್ತಿದ್ದ ಅಲಗು, ತುದಿ ಮೊಂಡು, ಹೊಟ್ಟೆ ದುಂಡು. ನಮಗೆ ಅದು ತೊಗಟೆ ಕೆರೆಯೋಕೆ, ಸಿಪ್ಪೆ ಹೆರೆಯೋಕೆ, ಕಾಲಿಗೆ ಹತ್ತಿದ ಉಂಬಳ ತಳ್ಳೋಕೆ.

ಅಂಗಡಿಯಲ್ಲಿ ಕೈಗೆ ತಗೊಂಡಾಗ: ಮಡಚಿದ ಚಾಕುವನ್ನ ಬೆಳಕಿಗೆ ಹಿಡಿದು ಬೆನ್ನ ಕಡೆಯಿಂದ ನೋಡಿ. ಸ್ಪ್ರಿಂಗಿಗೂ ಲೈನರಿಗೂ ನಡುವೆ ಬೆಳಕು ತೂರಿದರೆ ಇಟ್ಟುಬಿಡಿ, ಬೆಳಕು ಹೋದಲ್ಲಿ ನೀರೂ ಹೋಗುತ್ತೆ. ಅಲಗು ತೆರೆದಾಗ, ಮಡಚಿದಾಗ ಎರಡೂ ಸಲ ಸ್ಪ್ರಿಂಗಿನ ಬೆನ್ನು ಲೈನರಿಗೆ ಸಮ ಇರಬೇಕು, ಉಗುರು ಎಳೆದರೆ ತಡೆಯಬಾರದು. ತೆರೆದ ಅಲಗನ್ನ ಪಕ್ಕಕ್ಕೆ ಅಲ್ಲಾಡಿಸಿ. ಹೊಸ ಚಾಕುವಿನಲ್ಲಿ ಏನೂ ಅಲ್ಲಾಡಬಾರದು.

ಕೊನೆಗೆ ಕಾಗದದ ಪರೀಕ್ಷೆ. ಅಲಗು ಕೂರೋ ಕಾಲುವೆಯೊಳಗೆ ಬೀಡಿ ಕಾಗದದಂಥ ತೆಳು ಚೂರು ಇಟ್ಟು, ಅಲಗು ಎಂದಿನಂತೆ ಟಕ್ ಅಂತ ಮಡಚಲಿ. ಕಾಗದ ಕತ್ತರಿಸಿ ಬಂದರೆ ಬಾಯಿ ಸ್ಪ್ರಿಂಗಿಗೆ ಬಡೀತಿದೆ ಅಂತ. ಎಷ್ಟು ಮಸೆದರೂ ಅದೇ ಜಾಗದಲ್ಲಿ ಮೊಂಡಾಗುತ್ತೆ.

ಗೋಟಡಿಕೆ | ಹೊಸನಗರ

ಮಾರಾಯ್ರೆ, ತೋಟಕ್ಕೆ ಹೋಗೋ ಚಾಕುವಿಗೆ ಇಷ್ಟೆಲ್ಲ ಜಾತಕ ಯಾಕೆ? ವಿಕ್ಟೊರಿನಾಕ್ಸ್ ಪಯನಿಯರ್, 93 ಮಿ.ಮೀ., ಅಲ್ಯೂಮಿನಿಯಂ ಹಿಡಿಯ ಅಲಾಕ್ಸ್. ಒಂದು ದೊಡ್ಡಲಗು, ತೂತು ಮಾಡೋ ದಬ್ಬಳ, ಡಬ್ಬಿ ತೆಗೆಯೋದು, ಬಾಟ್ಲಿ ಓಪನರ್ ಜತೆಗೆ ತಿರುಪು. ಗರಗಸ ಬೇಕಾದ್ರೆ ಫಾರ್ಮರ್. ಅಲಗು 1.4110 ಸ್ಟೇನ್‌ಲೆಸ್, ಗಡಸುತನ 56 ಎಚ್‌ಆರ್‌ಸಿ. ತೀರಾ ಗಟ್ಟಿ ಉಕ್ಕಲ್ಲ, ಅದಕ್ಕೇ ಯಾವ ಕಲ್ಲಿಗೆ ಉಜ್ಜಿದರೂ ಬಾಯಿ ಬರುತ್ತೆ. ಸ್ಪ್ರಿಂಗೂ ಸ್ಟೇನ್‌ಲೆಸ್ಸೇ. ಸಂಜೆ ನಲ್ಲಿ ಕೆಳಗೆ ತೊಳೆದು, ಕೊಡವಿ, ಒಲೆ ಹತ್ತಿರ ಇಟ್ರೆ ಮುಗೀತು.

ಕೆಂಪು ಹಿಡಿಯ 91 ಮಿ.ಮೀ. ಚಾಕುವೂ ಒಳ್ಳೇದೇ. ಆದರೆ ಅದರ ಹಿಡಿ ಪ್ಲಾಸ್ಟಿಕ್, ಲೋಹಕ್ಕೆ ಒತ್ತಿ ಕೂರಿಸಿದ್ದು. ಕುದಿಯೋ ನೀರಿಗೆ ಹಾಕಿದ್ರೆ ಸೊಟ್ಟಗಾಗುತ್ತೆ.

ವೀಳ್ಯ | ಸೊರಬ

ಅಲಾಕ್ಸ್ ತಗೊಳ್ಳೋರಿಗೆ ಒಂದು ಎಚ್ಚರಿಕೆ. ಎಲೆ-ಅಡಿಕೆ ಸಂಚಿಯೊಳಗೆ ಅದನ್ನ ಹಾಕ್ಬೇಡಿ. ಸುಣ್ಣ ಕ್ಷಾರ, ಕ್ಷಾರ ಅಲ್ಯೂಮಿನಿಯಂನ ಮೇಲ್ಪದರ ಕರಗಿಸುತ್ತೆ. ಸುಣ್ಣದ ಡಬ್ಬಿ ಒಸರಿ ಹಿಡಿಗೆ ತಾಗಿದರೆ ಬಿಳಿ ಕಲೆ ಬಿದ್ದು ಮೈ ಒರಟಾಗುತ್ತೆ, ಮತ್ತೆ ಹೋಗಲ್ಲ. ಉಕ್ಕಿನ ಅಲಗಿಗೆ ಸುಣ್ಣದಿಂದ ಅಷ್ಟು ತೊಂದರೆ ಇಲ್ಲ. ಸಂಚಿಯಲ್ಲಿ ಉಕ್ಕಿಗೆ ಕಾಟ ಕೊಡೋದು ಒದ್ದೆ ಎಲೆ ಮತ್ತು ಹಸಿ ಅಡಿಕೆ.

ಹೊಗೆಅಟ್ಟ | ಕೊಪ್ಪ

ಕಾರ್ಬನ್ ಉಕ್ಕಿನ ಪರವಾಗಿ ಯಾರೂ ಮಾತಾಡ್ತಿಲ್ಲವಲ್ಲ! ಅಮೆರಿಕದ ಗ್ರೇಟ್ ಈಸ್ಟರ್ನ್ ಕಂಪನಿಯವರು ಹಾಕೋ 1095 ಉಕ್ಕು, ಕೇಸ್ ಕಂಪನಿಯ ಕ್ರೋಮ್ ವನೇಡಿಯಂ, ಹಳೇ ಶೆಫೀಲ್ಡ್. ಇವುಗಳ ಬಾಯಿ ಬರೋ ಬಗೆಯೇ ಬೇರೆ. ಕಲ್ಲಿನ ಮೇಲೆ ನಾಲ್ಕು ಎಳೆತಕ್ಕೆ ಕೂದಲು ಹಾರಿಸುತ್ತೆ. ಕಸಿಗೆ ಅಂಥ ಬಾಯೇ ಬೇಕು.

ಅಡಿಕೆಯ ಚೊಗರು (ಅಡಿಕೆ ಬೇಯಿಸಿದ ನೀರು) ತಾಗಿ ಅಲಗು ನೀಲಿ-ಕಪ್ಪಾಗೋದು ತುಕ್ಕಲ್ಲ. ಚೊಗರಿನ ಟ್ಯಾನಿನ್ ಕಬ್ಬಿಣದ ಜತೆ ಸೇರಿ ಆಗೋ ಪದರ. ಹಳೇ ಕಾಲದ ಬರೆಯೋ ಮಸಿ ಮಾಡ್ತಿದ್ದದ್ದೂ ಇದೇ ರಾಸಾಯನಿಕದಿಂದ. ಹೊಸ ಕಾರ್ಬನ್ ಅಲಗಿಗೆ ಬೇಕಂತಲೇ ಹೀಗೆ ಬಣ್ಣ ಬರಿಸಬಹುದು: ಸೋಪಿನಲ್ಲಿ ಜಿಡ್ಡು ಪೂರ್ತಿ ತೆಗೀರಿ, ಉಗುರುಬೆಚ್ಚಗಿನ ಚೊಗರನ್ನ ಬಟ್ಟೆಯಲ್ಲಿ ಅದ್ದಿ ಅಲಗಿಗೆ ಮಾತ್ರ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು ಒರೆಸಿ. ಮೂರ್ನಾಲ್ಕು ಸಲ ಮಾಡಿದರೆ ಬಣ್ಣ ಸಮ ಕೂರುತ್ತೆ. ಕೀಲಿನೊಳಗೆ ಇಳಿಯದ ಹಾಗೆ ಅಲಗಿನ ತುದಿ ಕೆಳಗೆ ಮಾಡಿ ಹಿಡೀಬೇಕು.

ಮಳೆಗಾಲದಲ್ಲಿ ಚಾಕು ಇಡೋಕೆ ಬಚ್ಚಲ ಒಲೆ ಮೇಲಿನ ಅಟ್ಟಕ್ಕಿಂತ ಒಣ ಜಾಗ ಮನೆಯಲ್ಲಿಲ್ಲ.

ಸಾಣೆಕಲ್ಲು | ಸಾಗರ

ಚೊಗರಿನ ಮಾತು ಒಪ್ಪಿದೆ. ಆದರೆ ಆ ಕಪ್ಪು ಪದರ ತುಕ್ಕನ್ನ ನಿಧಾನ ಮಾಡುತ್ತೆ, ನಿಲ್ಲಿಸಲ್ಲ. ಆಗುಂಬೆ ಕಡೆಯ ಮಳೆಯಲ್ಲಿ ಒದ್ದೆ ಜೇಬಿನಲ್ಲಿ ಒಂದು ರಾತ್ರಿ ಬಿಟ್ಟರೆ ಕಪ್ಪಿನ ಮೇಲೇ ಕೆಂಪು ಚುಕ್ಕಿ ಕೂರುತ್ತೆ. ಅಪ್ಪೆಮಿಡಿಯ ಸೊನೆಗಂತೂ ಕಾರ್ಬನ್ ಅಲಗು ತಾಗಿಸಲೇಬೇಡಿ. ಹುಳಿ ಜಾಸ್ತಿ, ಅಲಗೂ ಕೆಡುತ್ತೆ, ಮಿಡಿಯೂ ಕಪ್ಪಾಗುತ್ತೆ.

ಅಟ್ಟ ಮಾತ್ರ ಬೇಡವೇ ಬೇಡ. ಸೌದೆ ಹೊಗೆಯಲ್ಲಿ ಹುಳಿ ಆವಿ ಇರುತ್ತೆ, ಮಸಿ ಕೂತ ಕಡೆ ತೇವ ಹಿಡಿದುಕೊಳ್ಳುತ್ತೆ. ಮೂಳೆ ಹಿಡಿ, ಮರದ ಹಿಡಿ ಆ ಬಿಸಿಗೆ ಕುಗ್ಗಿ ಮೊಳೆಯ ಸುತ್ತ ಬಿರುಕು ಬಿಡುತ್ತವೆ. ಹಿಡಿಯಲ್ಲಿ ಮೊಳೆ ಇರೋ ಜಾಗವೇ ಅತಿ ದುರ್ಬಲ.

ಒಣ ಜಾಗ ನಾವೇ ಮಾಡ್ಕೋಬೇಕು. ರಬ್ಬರ್ ವಾಷರಿನ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್ 100 ಗ್ರಾಂ, ಪುಟ್ಟ ತೇವಮಾಪಕ. ಒಳಗಿನ ತೇವ ಶೇ. 40ರಿಂದ 50ರ ನಡುವೆ ಇದ್ದರೆ ಉಕ್ಕಿಗೂ ಸೈ, ಮೂಳೆಗೂ ಸೈ. ಶೇ. 60 ದಾಟಿದರೆ ತುಕ್ಕಿನ ವೇಗ ಏರುತ್ತೆ. ತೀರಾ ಇಳಿದರೆ ಮೂಳೆ ಸೀಳುತ್ತೆ, ಆಗ ಜೆಲ್ ಸ್ವಲ್ಪ ತೆಗೀರಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆಮನೆ ಓವನ್ನಿಗೆ ಅದು ಬೇಡ. ಚರ್ಮದ ಚೀಲದೊಳಗೆ ಇಟ್ಟು ಡಬ್ಬಿಗೆ ಹಾಕಬೇಡಿ. ಚರ್ಮ ಹದ ಮಾಡಿದ ರಾಸಾಯನಿಕ ತೇವದ ಜತೆ ಸೇರಿದರೆ ಹಿತ್ತಾಳೆ ಹಸಿರಾಗುತ್ತೆ, ಅಲಗಿನಲ್ಲಿ ಗುಳಿ ಬೀಳುತ್ತೆ.

ಗೋಟಡಿಕೆ | ಹೊಸನಗರ

ಎಣ್ಣೆ ಯಾವ್ದು ಅಂತ ಯಾರೂ ಹೇಳ್ಲಿಲ್ಲ. ಕೊಬ್ರಿ ಎಣ್ಣೆ ಸಾಲ್ದಾ?

ಕಮಾನುಪಟ್ಟಿ | ಭದ್ರಾವತಿ

ಅಲಗಿಗೆ ಹಚ್ಚಿ ಅದೇ ದಿನ ಬಳಸಿ ತೊಳೆಯೋದಾದರೆ ಸಾಲುತ್ತೆ. ಹಲಸಿನಕಾಯಿ ಕೊಯ್ಯೋ ಮುಂಚೆ ಅಲಗಿಗೂ ಕೈಗೂ ಕೊಬ್ಬರಿ ಎಣ್ಣೆ ಹಚ್ಚೋದು ಸರಿಯೇ, ಮೇಣ ಹಿಡಿಯಲ್ಲ. ಆದರೆ ಕೀಲಿಗೆ ಬಿಡಬೇಡಿ. 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗುತ್ತೆ, ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಅಲಗು ಎಳೆದರೆ ಗೊತ್ತಾಗುತ್ತೆ. ಹಳತಾದರೆ ಕಮಟು ವಾಸನೆ, ಜಿಗುಟು, ಜಿಗುಟಿಗೆ ಧೂಳು. ಆಮೇಲೆ ಸ್ಪ್ರಿಂಗ್ ಸೋಮಾರಿಯಾಗುತ್ತೆ.

ಕೀಲಿಗೆ ಹೊಲಿಗೆ ಮಷಿನ್ ಎಣ್ಣೆ, ಒಂದು ಕೀಲಿಗೆ ಒಂದೇ ತೊಟ್ಟು. ಆಹಾರಕ್ಕೆ ಬಳಸೋ ಅಲಗಾದರೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಫಿನ್. ಮಲಬದ್ಧತೆಗೆ ಕೊಡ್ತಾರಲ್ಲ, ಅದೇ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಡಲ್ಲ. ಸ್ಪ್ರೇ ಡಬ್ಬಿಯ ಡಬ್ಲ್ಯುಡಿ-40 ನೀರು ಓಡಿಸೋಕೆ, ಕೊಳೆ ಬಿಡಿಸೋಕೆ ಮಾತ್ರ. ಬೇಗ ಆರಿಹೋಗುತ್ತೆ, ಅದರ ಮೇಲೆ ಎಣ್ಣೆ ಬಿಡಲೇಬೇಕು.

ಒದ್ದೆಯಾದ ಚಾಕುವಿಗೆ ಸಂಜೆ ಮಾಡಬೇಕಾದ್ದು: ಎಲ್ಲ ಅಲಗನ್ನೂ ಅರ್ಧ ತೆರೆದು ಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಕಾಲುವೆ ಉಜ್ಜಿ. ನೀರೊಳಗೇ ಏಳೆಂಟು ಸಲ ತೆಗೆದು ಮಡಚಿ. ಕೊಡವಿ, ಬಟ್ಟೆಯ ಮೂಲೆಯನ್ನ ಕಡ್ಡಿಗೆ ಸುತ್ತಿ ಕಾಲುವೆಯೊಳಗೆ ಆಡಿಸಿ. ಹೇರ್ ಡ್ರೈಯರ್ ಇದ್ದರೆ ಒಂದು ನಿಮಿಷ, ಇಲ್ಲದಿದ್ದರೆ ಅಲಗು ಅರ್ಧ ತೆರೆದೇ ಫ್ಯಾನ್ ಕೆಳಗೆ ಒಂದು ಗಂಟೆ. ಆಮೇಲೆ ಎಣ್ಣೆ. ಒಣಗೋ ಮುಂಚೆ ಎಣ್ಣೆ ಬಿಟ್ಟರೆ ನೀರನ್ನ ಒಳಗೇ ಮುಚ್ಚಿಟ್ಟ ಹಾಗೆ. ಮೂಳೆ, ಮರದ ಹಿಡಿಯನ್ನ ನೀರಲ್ಲಿ ನೆನೆ ಹಾಕಬೇಡಿ, ತೊಳೆದು ತಕ್ಷಣ ಒರೆಸಿ.

ಇನ್ನು ಆ ಹಳೇ ಶೆಫೀಲ್ಡಿನ ವಿಷಯ. ಸಿಕ್ಕಿಕೊಂಡ ಅಲಗನ್ನ ಇಕ್ಕುಳದಲ್ಲಿ ಎಳೆದರೆ ಉಗುರಿಡೋ ಗೆರೆಯ ಹತ್ತಿರ ಮುರಿಯುತ್ತೆ. ಅಲ್ಲಿ ಅಲಗು ಮೊದಲೇ ತೆಳು, ಹಳೇ ಸಣ್ಣಲಗು ಮಸೆದು ಮಸೆದು ಇನ್ನೂ ಸವೆದಿರುತ್ತೆ. ಸೀಮೆಎಣ್ಣೆ ಎರಡು ಪಾಲು, ಮಷಿನ್ ಎಣ್ಣೆ ಒಂದು ಪಾಲು ಬೆರೆಸಿ ಕೀಲಿನ ತುದಿ ಮುಳುಗೋ ಹಾಗೆ ಸಣ್ಣ ಲೋಟದಲ್ಲಿ ನಿಲ್ಲಿಸಿ. ಎರಡು ದಿನ ಹಾಗೇ ಇರಲಿ. ಆಮೇಲೆ ಉಗುರುಗೆರೆಗೆ ಗಟ್ಟಿ ನೂಲಿನ ಕುಣಿಕೆ ಹಾಕಿ ಎಳೀರಿ, ಅಲಗಿನ ಬಾಯಿ ಆಚೆ ಕಡೆಗಿರಲಿ. ಕೂದಲಷ್ಟು ಸರಿದರೂ ಸಾಕು, ನಿಲ್ಲಿಸಿ ಮತ್ತೆ ಎಣ್ಣೆ ಬಿಡಿ, ಹಿಂದಕ್ಕೆ ತಳ್ಳಿ, ಮತ್ತೆ ಎಳೀರಿ. ಕರಿ ಕೆಸರು ಬರೋಕೆ ಶುರುವಾದರೆ ಗೆದ್ದಿರಿ. ಅದು ನಿಲ್ಲೋ ತನಕ ಸೀಮೆಎಣ್ಣೆಯಲ್ಲಿ ತೊಳೀತಾ ಇರಿ. ಬಿಡದಿದ್ದರೆ ಬಿಸಿ ನೀರು, ಇಲ್ಲ ಡ್ರೈಯರ್…

ಕರ್ಪೂರಗಂಧ | ಶಿವಮೊಗ್ಗ

ನಿಲ್ಲಿ! ಆ ಚಾಕುವಿಗೆ ಬಿಸಿ ತೋರಿಸಬೇಡಿ. ಆಮೆಚಿಪ್ಪಿನ ಬಣ್ಣ ಅಂದರೆ ಬಹುಪಾಲು ಸೆಲ್ಯುಲಾಯ್ಡ್. ಹಿಡಿಯನ್ನ ಒಣ ಬಟ್ಟೆಯಲ್ಲಿ ಅರ್ಧ ನಿಮಿಷ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಖಚಿತ, ಅದು ಮಾಡೋದೇ ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ. ಬೆಂಕಿ ತಾಗಿದರೆ ಭಗ್ ಅಂತ ಹೊತ್ತಿಕೊಳ್ಳುತ್ತೆ, ಹಾಗಾಗಿ ಕಾದ ಸೂಜಿ ಚುಚ್ಚಿ ನೋಡೋ ಪರೀಕ್ಷೆ ಬೇಡ. ಉಗುರಿನ ಬಣ್ಣ ತೆಗೆಯೋ ದ್ರಾವಣದಲ್ಲಿ ಅಸಿಟೋನ್ ಇರುತ್ತೆ, ಅದು ತಾಗಿದರೆ ಹಿಡಿ ಕರಗುತ್ತೆ. ಸೀಮೆಎಣ್ಣೆಯಿಂದ ತೊಂದರೆ ಇಲ್ಲ.

ಎರಡನೇ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ: ಉಳಿದವುಗಳ ಜತೆ ಇಡಲೇಬಾರದು. ಹಳತಾದ ಸೆಲ್ಯುಲಾಯ್ಡ್ ನೈಟ್ರಿಕ್ ಆಮ್ಲದ ಆವಿ ಬಿಡುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ಅಂಥ ಚಾಕು ಇದ್ದರೆ ಪಕ್ಕದಲ್ಲಿರೋ ಹತ್ತಕ್ಕೂ ತುಕ್ಕು ಹಿಡಿಸುತ್ತೆ. ಮೂಳೆ, ಮರದವನ್ನ ಸಾಣೆಕಲ್ಲು ಅವರು ಹೇಳಿದ ಡಬ್ಬಿಯಲ್ಲಿಡಿ, ಇದನ್ನ ಮಾತ್ರ ಗಾಳಿಯಾಡೋ ತಂಪು ಜಾಗದಲ್ಲಿ ಒಂಟಿಯಾಗಿಡಿ. ಲೈನರ್ ಅಂಚಿನಲ್ಲಿ ಹಸಿರು ಪುಡಿ, ಹಿಡಿಯಲ್ಲಿ ಒಳಗಿಂದಲೇ ಹರಳಿನ ಥರ ಬಿರುಕು, ಮೂಗಿಗೆ ಚುರುಕು ವಾಸನೆ: ಇವು ಕಂಡರೆ ಹಿಡಿ ಕೊಳೀತಿದೆ ಅಂತ ಅರ್ಥ. ಅದನ್ನ ಸರಿ ಮಾಡೋಕಾಗಲ್ಲ. ಹಿಡಿ ತೆಗೆದು ಬೇರೆ ಹಾಕೋದೊಂದೇ ದಾರಿ.

ಹಿಡಿ ಬದಲಿಸೋದಾದರೆ ಮರ ಅಥವಾ ದನದ ಮೂಳೆ. ಕಾಡಿನಲ್ಲಿ ಬಿದ್ದು ಸಿಕ್ಕ ಕಡವೆ ಕೊಂಬು ಇದೆ ಅಂತ ಯಾರಾದರೂ ತಂದರೆ ಕೈ ಮುಗಿದು ಕಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಉದುರಿದ ಕೊಂಬನ್ನ ಎತ್ತಿಕೊಂಡು ಬರೋದೂ ಅಪರಾಧ. ಆನೆದಂತ, ನಿಜವಾದ ಆಮೆಚಿಪ್ಪು ಇರೋ ಹಳೇ ಚಾಕುಗಳ ಕೊಡು-ಕೊಳ್ಳೋದಕ್ಕೂ ಅದೇ ಕಾಯ್ದೆ ಅಡ್ಡ ಬರುತ್ತೆ.

ಕಮಾನುಪಟ್ಟಿ | ಭದ್ರಾವತಿ

ಸರಿಯಾದ ಹೊತ್ತಿಗೆ ಹೇಳಿದ್ರಿ ಸಾರ್. ಬಿಸಿಯ ಮಾತು ವಾಪಸ್, ಮೂಳೆ-ಲೋಹದ ಹಿಡಿಗೆ ಮಾತ್ರ ಅದು. ಸೆಲ್ಯುಲಾಯ್ಡ್ ಆದರೆ ಎಣ್ಣೆಯಲ್ಲಿ ಒಂದು ವಾರ ಬೇಕಾದರೂ ಇರಲಿ.

ಶೀಲ್ಡು | ಶಿವಮೊಗ್ಗ

ಮುದ್ರೆಯ ಬಗ್ಗೆ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಗುರುತು, ಅವರ ಹೆಸರಿಗೆ ಅದು ದಾಖಲಾಗಿದ್ದು 1764ರಲ್ಲಿ. ಈ ಹೆಸರು ಭಾರತದಲ್ಲಿ ಎಷ್ಟು ಓಡಿತ್ತೆಂದರೆ ನಕಲೂ ಅಷ್ಟೇ ಇವೆ. ಭೂತಗನ್ನಡಿ ಹಿಡಿದು ಅಕ್ಷರ ಒಂದೊಂದಾಗಿ ಓದಿ. ರಾಜರ್ಸ್ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಜಿ ಮುಂಚೆ ಡಿ ಇರಬೇಕು. ಅದು ಕಾಣೆಯಾಗಿದ್ದರೆ ಬೇರೆಯವರ ಮಾಲು.

ಕಿರೀಟದ ಅಕ್ಕಪಕ್ಕ ವಿ, ಆರ್ ಅಂತ ಇದ್ದರೆ ವಿಕ್ಟೋರಿಯಾ ಕಾಲದ್ದು, ಅಂದರೆ 1901ಕ್ಕೆ ಮುಂಚಿನದು. ಜಿ, ಆರ್ ಜತೆ ಇಂಗ್ಲೆಂಡ್ ಅಂತಲೂ ಇದ್ದರೆ 1910ರ ನಂತರದ್ದು. ಇಂಗ್ಲೆಂಡ್, ಜರ್ಮನಿ ಅಂತ ದೇಶದ ಹೆಸರು ಕೊರೆಯೋದು ಹೆಚ್ಚಾಗಿದ್ದು 1890ರ ಅಮೆರಿಕದ ಸುಂಕ ಕಾಯ್ದೆಯಿಂದ. ಅಮೆರಿಕಕ್ಕೆ ಹೋಗೋ ಮಾಲಿನ ಮೇಲೆ 1891ರಿಂದ ತಯಾರಾದ ದೇಶದ ಹೆಸರು ಕಡ್ಡಾಯವಾಯ್ತು. ಹಾಗಾಗಿ ನಿಮ್ಮದು ಬಹುಶಃ ಅದರಾಚೆಯದು.

ಬೇರೆ ಹಳೇ ಚಾಕುಗಳಿಗೂ ಇಂಥ ಗುರುತುಗಳಿವೆ. ಕೇಸ್ ಚಾಕುವಿನಲ್ಲಿ 1970ರಿಂದ ಹೆಸರಿನ ಕೆಳಗೆ ಹತ್ತು ಚುಕ್ಕಿ ಹಾಕಿ, ವರ್ಷಕ್ಕೊಂದು ತೆಗೀತಾ ಹೋದರು. ಅವರ ನಂಬರೂ ಓದೋಕೆ ಸುಲಭ: 6318 ಅಂದರೆ 6 ಮೂಳೆ ಹಿಡಿ, 3 ಮೂರು ಅಲಗು, 18 ಮಾದರಿ. 6254 ಅಂದರೆ ಮೂಳೆ ಹಿಡಿಯ ಎರಡಲಗಿನ ಟ್ರ್ಯಾಪರ್. ಶ್ರೇಡ್ ಓಲ್ಡ್ ಟೈಮರ್ ಕೊಳ್ಳೋರು ಮುದ್ರೆಯಲ್ಲಿ ಯುಎಸ್‌ಎ ಇದೆಯಾ ನೋಡಿ. ಅಮೆರಿಕದ ಎಲೆನ್‌ವಿಲ್‌ನಲ್ಲಿದ್ದ ಅವರ ಕಾರ್ಖಾನೆ 2004ರಲ್ಲಿ ಮುಚ್ಚಿತು, ಆಮೇಲೆ ಅದೇ ಹೆಸರಿನಲ್ಲಿ ಚೀನಾದಿಂದ ಬಂದವು. ಸ್ವಿಸ್ ಸೈನಿಕರ ಅಲಾಕ್ಸ್ ಚಾಕು 1961ರಿಂದ 2008ರ ತನಕ ಬಂತು, ಅಲಗಿನ ಬುಡದಲ್ಲಿ ಇಸವಿಯ ಕೊನೆಯ ಎರಡಂಕಿ ಇರುತ್ತೆ. ಸಂಗ್ರಹ ಶುರು ಮಾಡೋರಿಗೆ ಇದಕ್ಕಿಂತ ಸಲೀಸಾದ ಸಾಲು ಇಲ್ಲ ಅಂತ ನನ್ನ ಅಭಿಪ್ರಾಯ. ಇಸವಿ ಚಾಕುವಿನ ಮೇಲೇ ಇದೆ, ಹಿಡಿ ಕೊಳೆಯಲ್ಲ.

ಹಳೇ ಚಾಕುವನ್ನ ಪಾಲಿಶ್ ಚಕ್ರಕ್ಕೆ ಕೊಟ್ಟು ಮಿಂಚಿಸಿದರೆ ಮುದ್ರೆ ಅಳಿಸಿ ಬೆಲೆ ಅರ್ಧಕ್ಕೆ ಇಳಿಯುತ್ತೆ. ಕೆಂಪು ತುಕ್ಕು ತೆಗೀರಿ, ಬೂದು-ಕಪ್ಪು ಬಣ್ಣ ಹಾಗೇ ಬಿಡಿ.

ಕುಶಾವತಿ | ತೀರ್ಥಹಳ್ಳಿ

ಉಜ್ಜಿದೆ, ಕರ್ಪೂರವೇ! ಬೇರೆ ಇಟ್ಟಾಯ್ತು, ಕೀಲು ಎಣ್ಣೆಯಲ್ಲಿದೆ. ಸ್ಟಾಕ್‌ಮನ್ ಮಸೆಯೋದನ್ನೂ ಹೇಳಿಬಿಡಿ. ಸಂತೆಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯೋರ ಹತ್ತಿರ ಕೊಡಬಹುದಾ?

ಸಾಣೆಕಲ್ಲು | ಸಾಗರ

ಕತ್ತಿ, ಮೆಟ್ಟುಗತ್ತಿ ಕೊಡಿ, ಇದನ್ನ ಬೇಡ. ಅಲಗು ತೆಳು, ಒಣ ಚಕ್ರಕ್ಕೆ ಹಿಡಿದ ಕ್ಷಣದಲ್ಲಿ ತುದಿ ನೀಲಿಯಾಗುತ್ತೆ. ನೀಲಿ ಅಂದರೆ ಸುಮಾರು 300 ಡಿಗ್ರಿ ಮುಟ್ಟಿತು, ಕಾರ್ಬನ್ ಉಕ್ಕಿನ ಹದ ಹೋಯ್ತು. ಮತ್ತೆ ಆ ಜಾಗದಲ್ಲಿ ಬಾಯಿ ನಿಲ್ಲಲ್ಲ.

ಕೈಯಲ್ಲೇ ಮಾಡಿ. 1000 ನಂಬರಿನ ನೀರುಕಲ್ಲು, ಆಮೇಲೆ 3000. ತೀರಾ ಮೊಂಡಾಗಿದ್ದರೆ ಮಾತ್ರ 400ರಿಂದ ಶುರು. ಕೋನವನ್ನ ಕಣ್ಣಳತೆಯಲ್ಲಿ ಹಿಡಿಯೋಕೆ ಆಗದಿದ್ದರೆ ಅಲಗಿನ ಬೆನ್ನು ಕಲ್ಲಿನಿಂದ ಎಷ್ಟು ಮೇಲಿರಬೇಕು ಅಂತ ಅಳೆಯಿರಿ. ಅಲಗಿನ ಅಗಲ 12 ಮಿ.ಮೀ. ಇದ್ದರೆ 20 ಡಿಗ್ರಿಗೆ ಬೆನ್ನು ಸುಮಾರು 4 ಮಿ.ಮೀ. ಎತ್ತರ, 15 ಡಿಗ್ರಿಗೆ 3 ಮಿ.ಮೀ. ಶೀಪ್ಸ್‌ಫೂಟ್ ಪ್ಲಾಸ್ಟಿಕ್ ಹಗ್ಗಕ್ಕೆ ಹೋಗೋದರಿಂದ 20, ಕ್ಲಿಪ್ 17-18, ಸ್ಪೇ 15. ಒಂದು ಮೈ ಉಜ್ಜಿ, ಆಚೆ ಮೈಯಲ್ಲಿ ಹೆಬ್ಬೆರಳಿಗೆ ಸಣ್ಣ ಗೊರಕು ಸಿಗೋ ತನಕ ಬಿಡಬೇಡಿ. ಆಮೇಲೆ ಇನ್ನೊಂದು ಮೈ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಂದಕ್ಕೆ ಎಳೀರಿ.

ಎಲ್ಲರೂ ತಪ್ಪೋದು ಬುಡದಲ್ಲಿ. ಕಲ್ಲಿನ ಅಂಚು ಬುಡದ ದಪ್ಪ ಭಾಗಕ್ಕೆ ತಡೆದು ನಿಲ್ಲುತ್ತೆ, ಅಲ್ಲಿ ಮಸೆಯಲ್ಲ, ಅದರ ಮುಂದೆ ಮಸೆಯುತ್ತೆ. ಬರಬರುತ್ತಾ ಬಾಯಿ ಒಳಕ್ಕೆ ಬಾಗಿ ಕುಡುಗೋಲಾಗುತ್ತೆ. ಕಲ್ಲಿನ ಮೂಲೆಯನ್ನ ಬುಡಕ್ಕೆ ಸರಿಯಾಗಿ ಹೊಂದಿಸಿ, ಪ್ರತಿ ಎಳೆತವನ್ನೂ ಅಲ್ಲಿಂದಲೇ ಶುರು ಮಾಡಬೇಕು.

ಬಹಳ ಮಸೆದ ಮೇಲೆ ಇನ್ನೊಂದು ತೊಂದರೆ ಬರುತ್ತೆ. ಬಾಯಿ ಸವೆದು ಅಲಗಿನ ತುದಿ ಮಡಚಿದಾಗಲೂ ಲೈನರಿನಿಂದ ಮೇಲೆ ಇಣುಕುತ್ತೆ, ಜೇಬಿಗೆ ಕೈ ಹಾಕಿದರೆ ಬೆರಳು ಕೊಯ್ಯುತ್ತೆ. ಅಲಗಿನ ಬುಡದಲ್ಲಿ, ಬಾಯಿ ಕಡೆಗೆ, ಸ್ಪ್ರಿಂಗಿನ ಮೇಲೆ ಕೂರೋ ಪುಟ್ಟ ಉಬ್ಬು ಇದೆ. ಅದನ್ನ ನಯವಾದ ಅರದಲ್ಲಿ ಎರಡೇ ಎಳೆತ ಉಜ್ಜಿ, ಮಡಚಿ ನೋಡಿ. ತುದಿ ಒಳಗೆ ಇಳಿಯುತ್ತೆ. ಒಮ್ಮೆಗೇ ಉಜ್ಜಿದರೆ ಅಲಗು ಜಾಸ್ತಿ ಇಳಿದು ಬಾಯಿ ಸ್ಪ್ರಿಂಗಿಗೆ ಬಡಿಯೋಕೆ ಶುರು. ಉಜ್ಜಿದ ಲೋಹ ವಾಪಸ್ ಬರಲ್ಲ. ಪ್ರತಿ ಸಲ ಕಾಗದದ ಪರೀಕ್ಷೆ ಮಾಡ್ಕೊಳ್ಳಿ.

ವೀಳ್ಯ | ಸೊರಬ

ಕಸಿಯ ಮಾತು ಬಂತಲ್ಲ, ಸೇರಿಸ್ತೀನಿ. ಸ್ಟಾಕ್‌ಮನ್ ಅಲಗಿಗೆ ಎರಡೂ ಮೈಯಲ್ಲಿ ಇಳಿಜಾರು. ಅದರಿಂದ ಬೆಣೆ ಕಸಿಯ 3-4 ಸೆಂ.ಮೀ. ಉದ್ದದ ಓರೆ ಕೊಯ್ತ ಸಮ ಬರಲ್ಲ, ನಡುವೆ ಉಬ್ಬು ಉಳಿಯುತ್ತೆ. ಉಬ್ಬಿದ ಕಡೆ ತೊಗಟೆಗೆ ತೊಗಟೆ ಕೂರಲ್ಲ, ಕಸಿ ಒಣಗುತ್ತೆ. ಹಿಪ್ಪಲಿ ಬೇರುಕಾಂಡದ ಮೇಲೆ ಕಾಳುಮೆಣಸು ಕಟ್ಟೋರು, ಅಪ್ಪೆಮಿಡಿ ಕಟ್ಟೋರು ಒಂದೇ ಮೈ ಮಸೆದ ಕಸಿ ಚಾಕುವನ್ನೇ ಬಳಸಿ. ಎರಡಲಗಿನ ಮಡಚೋ ಕಸಿ ಚಾಕು ಸಿಗುತ್ತೆ: ಒಂದು ಕೊಯ್ಯೋಕೆ, ಇನ್ನೊಂದು ತೊಗಟೆ ಎಬ್ಬಿಸೋ ಮೊಂಡು ನಾಲಗೆ. ಅದನ್ನ ಸುತಲಿಗೆ ಬಳಸಬೇಡಿ. ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ.

ಹೊಗೆಅಟ್ಟ | ಕೊಪ್ಪ

ಅಟ್ಟದ ಮಾತು ಬಿಟ್ಟೆ. ಜೇಬಿನಲ್ಲಿ ಒಯ್ಯೋಕೆ ಕಾನೂನು ಏನು ಹೇಳುತ್ತೆ?

ಶೀಲ್ಡು | ಶಿವಮೊಗ್ಗ

ಶಸ್ತ್ರಾಸ್ತ್ರ ನಿಯಮದಲ್ಲಿ ಪರವಾನಗಿಯ ಪಟ್ಟಿಗೆ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದಕ್ಕೆ ಅಲ್ಲೂ ವಿನಾಯಿತಿ. ಎರಡೂವರೆ ಇಂಚಿನ ಸ್ಟಾಕ್‌ಮನ್ ಅಲಗು ಅದರ ಹತ್ತಿರಕ್ಕೂ ಬರಲ್ಲ. ಆದರೆ ಚುನಾವಣೆ, ಮೆರವಣಿಗೆ ಸಮಯದಲ್ಲಿ ನಿಷೇಧಾಜ್ಞೆ ಹಾಕಿದಾಗ ಆಯುಧ ಒಯ್ಯೋದನ್ನೇ ತಡೆದಿರ್ತಾರೆ, ಆ ದಿನ ಪೇಟೆಗೆ ಹೋಗುವಾಗ ಮನೇಲಿಡಿ. ಗುಂಡಿ ಒತ್ತಿದರೆ ಚಿಮ್ಮೋ ರಾಮಪುರಿ ಥರದ್ದನ್ನ ಜೇಬಿನಲ್ಲಿ ಇಟ್ಕೊಳ್ಳಲೇಬೇಡಿ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತೋದಾದರೆ ಚೆಕ್-ಇನ್ ಬ್ಯಾಗಿನಲ್ಲಿ ಸುತ್ತಿಡಿ. ಕೈಚೀಲದಲ್ಲಿ ಸಿಕ್ಕರೆ ಅಲ್ಲೇ ಬಿಟ್ಟು ಹೋಗಬೇಕು.

ಪಂಚೆ ಉಡೋರು ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಇಡೋದಾದರೆ ಸಣ್ಣ ಬಟ್ಟೆ ಚೀಲದೊಳಗೆ ಹಾಕಿ ಇಡಿ. ಬರೀ ಜೇಬಾದರೆ ಬೆವರು ನೇರ ಸ್ಪ್ರಿಂಗಿಗೆ. ಬೆವರಿನ ಉಪ್ಪು ಮಳೆ ನೀರಿಗಿಂತ ಕೆಟ್ಟದ್ದು.

ಗೋಟಡಿಕೆ | ಹೊಸನಗರ

ಆಯುಧ ಪೂಜೆ ಮುಗಿದ ಮಾರನೇ ದಿನವೇ ಕುಂಕುಮ ಒರೆಸಿಬಿಡಿ ಮಾರಾಯ್ರೆ. ಒದ್ದೆ ಕುಂಕುಮ ಅಲಗಿನ ಮೇಲೆ ವಾರ ಕೂತರೆ ಅದರ ಕೆಳಗೆ ಗುಳಿ ಬೀಳುತ್ತೆ. ಭಕ್ತಿಗೆ ಹಿಡಿಗೆ ಹಚ್ಚಿ, ಸಾಕು.

ಕುಶಾವತಿ | ತೀರ್ಥಹಳ್ಳಿ

ಶೆಫೀಲ್ಡಿನ ಒಂದಲಗು ಬಿಡ್ತು, ಕರಿ ಕೆಸರು ಬಂತು, ಈಗ ಟಕ್ ಅಂತಿದೆ. ಇನ್ನೊಂದು ಸಲೀಸಾಗಿ ತಿರುಗುತ್ತೆ, ಆದರೆ ಎಲ್ಲೂ ನಿಲ್ಲಲ್ಲ, ಜೋಲಾಡುತ್ತೆ. ಮೊಳೆ ಬಡಿದರೆ ಬಿಗಿಯಾಗುತ್ತಾ?

ಕಮಾನುಪಟ್ಟಿ | ಭದ್ರಾವತಿ

ಬಡಿಯಬೇಡಿ, ಮೊದಲು ಬೆನ್ನು ನೋಡಿ. ಅಲಗನ್ನ ನಿಧಾನಕ್ಕೆ ತೆಗೆಯುವಾಗ ಆ ತುದಿಯ ಸ್ಪ್ರಿಂಗ್ ಲೈನರಿನಿಂದ ಸ್ವಲ್ಪ ಮೇಲೆದ್ದು ಮತ್ತೆ ಕೂರಬೇಕು. ಏಳ್ತಿದ್ದರೆ ಸ್ಪ್ರಿಂಗ್ ಬದುಕಿದೆ, ಕಾಲುವೆಯಲ್ಲಿ ಕೆಸರು ಉಳಿದಿದೆ, ಇನ್ನೆರಡು ಸಲ ಸೀಮೆಎಣ್ಣೆಯಲ್ಲಿ ತೊಳೀರಿ. ಅಲಗು ತಿರುಗಿದರೂ ಸ್ಪ್ರಿಂಗ್ ಮಿಸುಕದಿದ್ದರೆ, ಅಥವಾ ಎದ್ದಿದ್ದು ಎದ್ದೇ ಇದ್ದರೆ, ಮುರಿದಿದೆ ಅಂತ ಲೆಕ್ಕ. ಹೆಚ್ಚಾಗಿ ಮುರಿಯೋದು ನಡುವಿನ ಮೊಳೆಯ ತೂತಿನ ಹತ್ತಿರ. ಮೊಳೆ ಬಡಿದರೆ ಸರಿಹೋಗಲ್ಲ, ಹಿಡಿ ಸೀಳುತ್ತೆ ಅಷ್ಟೇ. ಕುಲುಮೆಗೂ ಒಯ್ಯಬೇಡಿ, ಸೆಲ್ಯುಲಾಯ್ಡ್ ಇದೆ. ಆ ಅಲಗನ್ನ ಮಡಚಿ, ತೆರೆದುಕೊಳ್ಳದ ಹಾಗೆ ಮೇಲಿಂದ ನೂಲು ಸುತ್ತಿ ಇಡಿ. ನಾಲ್ಕಲಗಿನದ್ದರಲ್ಲಿ ಸಾಮಾನ್ಯವಾಗಿ ಎರಡು ಸ್ಪ್ರಿಂಗ್. ಅದೇ ಸ್ಪ್ರಿಂಗಿನ ಆಚೆ ತುದಿಯ ಅಲಗು ಇನ್ನೂ ಬಿಗಿಯಾಗಿದೆಯಾ ನೋಡಿ ಹೇಳಿ, ಬೆನ್ನಿನ ಕಡೆಯ ಫೋಟೋ ಹಾಕಿ.